ಮೊಸಳೆ, ಹೆಬ್ಬಾವು, ಉಷ್ಟ್ರಪಕ್ಷಿ: ದುಬಾರಿ ಚರ್ಮದ ಬ್ಯಾಗ್ ಸಂಗ್ರಹಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಬಳ್ಳಾಪುರ, ಕೋಲಾರ, ತುಮಕೂರಿನ ಕಡೆಯಿಂದ ನನಗೆ ಬರುವ ಪ್ರಶ್ನೆಗಳಿವು. ಈ ಊರುಗಳಲ್ಲಿ ಮೊಸಳೆ ಚರ್ಮದ ಬ್ಯಾಗ್ ಕೊಳ್ಳುವವರು ಎಲ್ಲಿದ್ದಾರೆ ಎಂದು ಬೆಂಗಳೂರಿನವರು ಹುಬ್ಬೇರಿಸುತ್ತಾರೆ. ಇದ್ದಾರೆ. ಕೈಗಾರಿಕಾ ಪ್ರದೇಶಕ್ಕೆ ಜಮೀನು ಹೋಗಿ ಪರಿಹಾರ ಬಂದವರಿದ್ದಾರೆ, ದ್ರಾಕ್ಷಿ ಮತ್ತು ಗುಲಾಬಿಯಲ್ಲಿ ನಾಲ್ಕು ಕಾಸು ಕಂಡವರಿದ್ದಾರೆ, ಮಗಳು ದುಬೈನಿಂದ ತಂದುಕೊಟ್ಟ ಬ್ಯಾಗನ್ನು ಏನು ಮಾಡುವುದೆಂದು ತೋಚದೆ ಬೀರುವಿನಲ್ಲಿಟ್ಟು ಬೀಗ ಹಾಕಿದವರೂ ಇದ್ದಾರೆ. ಎಲ್ಲರೂ ಮೊದಲು ವಿಚಾರಿಸುವುದು ಬೆಲೆ. ವಿಚಾರಿಸಬೇಕಾದದ್ದು ಕಾಗದಪತ್ರ. ಹಾಗಾಗಿ ಕೆಳಗೆ ಅದಕ್ಕೇ ಹೆಚ್ಚು ಜಾಗ ಹೋಗಿದೆ.

ಎಕ್ಸಾಟಿಕ್ ಚರ್ಮ ಎಂದರೆ ಯಾವ ಯಾವ ಪ್ರಾಣಿಗಳದ್ದು?

ಹಸು, ಎಮ್ಮೆ, ಕುರಿ, ಮೇಕೆಗಳನ್ನು ಬಿಟ್ಟು ಉಳಿದದ್ದು ಎಂದುಕೊಂಡರೆ ಸಾಕು. ವ್ಯಾಪಾರದಲ್ಲಿ ಮುಖ್ಯವಾಗಿ ಸಿಗುವುದು ಮೊಸಳೆ, ಅಲಿಗೇಟರ್, ಕೇಮನ್, ಹೆಬ್ಬಾವು, ಹಲ್ಲಿ ಜಾತಿಯ ಉಡ, ಉಷ್ಟ್ರಪಕ್ಷಿ ಮತ್ತು ತೊರಕೆ ಮೀನು. ಬೆಲೆಯ ಏಣಿಯಲ್ಲಿ ಉಪ್ಪುನೀರಿನ ಮೊಸಳೆ ಎಲ್ಲಕ್ಕಿಂತ ಮೇಲೆ. ಅದರ ಹಿಂದೆ ನೈಲ್ ಮೊಸಳೆ ಮತ್ತು ಅಮೆರಿಕದ ಅಲಿಗೇಟರ್. ಉಷ್ಟ್ರಪಕ್ಷಿ ನಡುವೆ ನಿಲ್ಲುತ್ತದೆ. ಹೆಬ್ಬಾವು ಮತ್ತು ಕೇಮನ್ ಕೆಳಗಿನ ಮೆಟ್ಟಿಲು.

ಮೊಸಳೆ, ಅಲಿಗೇಟರ್, ಕೇಮನ್: ನೋಡಿದರೆ ಎಲ್ಲವೂ ಒಂದೇ. ಗುರುತಿಸುವುದು ಹೇಗೆ?

ಚಿನ್ನದ ಅಂಗಡಿಯವರು ಕಣ್ಣಿಗೆ ಹಿಡಿಯುವ ಹತ್ತು ಪಟ್ಟಿನ ಲೆನ್ಸ್ ಒಂದನ್ನು ಕೊಂಡುಕೊಳ್ಳಿ. ಬ್ಯಾಗನ್ನು ಕಿಟಕಿಯ ಬಳಿ ತಂದು, ಬೆಳಕು ಅಡ್ಡಲಾಗಿ ಬೀಳುವಂತೆ ಓರೆಯಾಗಿ ಹಿಡಿದು, ಒಂದೊಂದೇ ಹುರುಪೆಯನ್ನು ನೋಡಿ. ಹುರುಪೆಯ ಅಂಚಿನ ಹತ್ತಿರ ಸೂಜಿಯ ಮೊನೆ ತಾಗಿಸಿದಷ್ಟು ಚಿಕ್ಕದಾದ ಒಂದೇ ಒಂದು ಚುಕ್ಕೆ ಕಂಡರೆ ಅದು ಮೊಸಳೆ. ನೀರಿನ ಅಲುಗಾಟವನ್ನು ಗ್ರಹಿಸಲು ಪ್ರಾಣಿಗೆ ಇರುವ ಇಂದ್ರಿಯದ ಗುರುತು ಅದು. ಚರ್ಮವನ್ನು ಎಷ್ಟು ಹದ ಮಾಡಿದರೂ ಉಳಿಯುತ್ತದೆ. ಅಲಿಗೇಟರಿಗೆ ಈ ಇಂದ್ರಿಯ ತಲೆಯ ಭಾಗದಲ್ಲಿ ಮಾತ್ರ ಇರುವುದರಿಂದ ಬ್ಯಾಗಿಗೆ ಬಳಸುವ ಹೊಟ್ಟೆಯ ಚರ್ಮದಲ್ಲಿ ಚುಕ್ಕೆ ಇರುವುದಿಲ್ಲ.

ಅಲಿಗೇಟರಿಗೆ ಇನ್ನೊಂದು ಗುರುತಿದೆ, ಹೊಕ್ಕುಳ ಕಲೆ. ಹೊಟ್ಟೆಯ ನಡುವೆ ಉದ್ದಕ್ಕೆ ಎಳೆದ ಬಲೆಯ ವಿನ್ಯಾಸದಲ್ಲಿ, ಅಕ್ಕಪಕ್ಕದ ಚೌಕಗಳಿಗಿಂತ ಸಣ್ಣ ಸಣ್ಣ ಹುರುಪೆಗಳು ಗುಂಪಾಗಿ ಕೂತಿರುತ್ತವೆ. ಕೆಲವು ತಯಾರಕರು ಅದನ್ನು ಬೇಕೆಂದೇ ಬ್ಯಾಗಿನ ಎದೆಯ ಮೇಲೆ ಬರುವಂತೆ ಕತ್ತರಿಸುತ್ತಾರೆ, ಅಸಲಿ ಎಂದು ಸಾರಿ ಹೇಳಲು.

ಕೇಮನ್ ದಕ್ಷಿಣ ಅಮೆರಿಕದ ಪ್ರಾಣಿ. ಅದರ ಹೊಟ್ಟೆಯ ಹುರುಪೆಗಳ ಒಳಗೂ ಮೂಳೆಯ ಬಿಲ್ಲೆಗಳಿರುತ್ತವೆ. ಹದ ಮಾಡಿದ ಮೇಲೆ ಒಂದೇ ಹುರುಪೆಯಲ್ಲಿ ಗುಂಡುಸೂಜಿಯಿಂದ ಹತ್ತಾರು ಬಾರಿ ಚುಚ್ಚಿದ ಗುರುತು ಉಳಿಯುತ್ತದೆ, ಬಣ್ಣವೂ ಒಂದೇ ಸಮನೆ ಹಿಡಿಯುವುದಿಲ್ಲ, ಮಡಿಸಿದರೆ ಬಿರುಕು ಬಿಡುತ್ತದೆ. ಒಂದು ಚುಕ್ಕೆ ಮೊಸಳೆ, ಹಲವು ಕುಳಿ ಕೇಮನ್, ಏನೂ ಇಲ್ಲದಿದ್ದರೆ ಅಲಿಗೇಟರ್: ಇಷ್ಟು ನೆನಪಿಟ್ಟುಕೊಂಡರೆ ಕೇಮನ್ ಬ್ಯಾಗನ್ನು ‘ಮೊಸಳೆ’ ಎಂದು ಹೇಳಿ ಮಾರುವವರ ಮುಂದೆ ತಲೆಯಾಡಿಸಿ ಎದ್ದುಬರಬಹುದು. ಈ ಮೋಸ ನಕಲಿ ಬ್ಯಾಗಿಗಿಂತ ಹೆಚ್ಚು ನಡೆಯುತ್ತದೆ, ಏಕೆಂದರೆ ಮಾರುವವರು ಪೂರ್ತಿ ಸುಳ್ಳನ್ನೂ ಹೇಳಿರುವುದಿಲ್ಲ.

ಎರ್ಮೆಸ್ ಹೆಸರಿನ ಪಕ್ಕದಲ್ಲಿ ಚುಕ್ಕೆ, ಗೆರೆ ಒತ್ತಿರುತ್ತಾರಲ್ಲ, ಅದೇನು?

ಎರ್ಮೆಸ್ ಫ್ರಾನ್ಸಿನ ದುಬಾರಿ ಬ್ಯಾಗ್ ಕಂಪನಿ. ಆ ಗುರುತು ಪ್ರಾಣಿಯ ಜಾತಿ ಸೂಚಿಸುವ ಮುದ್ರೆ. ಮೇಲ್ಮುಖವಾದ ಬಾಣದ ತುದಿಯಂಥ ಗುರುತಿದ್ದರೆ ಉಪ್ಪುನೀರಿನ ಮೊಸಳೆ, ಅಂದರೆ ಪೊರೋಸಸ್. ಎರಡು ಚುಕ್ಕೆಗಳಿದ್ದರೆ ನೈಲ್ ಮೊಸಳೆ, ನೈಲೋಟಿಕಸ್. ಚಿಕ್ಕ ಚೌಕವಿದ್ದರೆ ಅಲಿಗೇಟರ್. ಒಂದು ಅಡ್ಡಗೆರೆ ಏಷ್ಯಾದ ನೀರುಡ, ಎರಡು ಅಡ್ಡಗೆರೆ ಆಫ್ರಿಕಾದ ನೈಲ್ ಉಡ.

ತಯಾರಾದ ವರ್ಷಕ್ಕೆ ಪ್ರತ್ಯೇಕ ಅಕ್ಷರವಿದೆ. ಇತ್ತೀಚಿನ ವರ್ಷಗಳಲ್ಲಿ ಅದು ವರ್ಣಮಾಲೆಯ ಕ್ರಮದಲ್ಲಿ ಬರುವುದಿಲ್ಲ: 2019ಕ್ಕೆ ಡಿ, 2020ಕ್ಕೆ ವೈ, 2021ಕ್ಕೆ ಝಡ್, 2022ಕ್ಕೆ ಯು, 2023ಕ್ಕೆ ಬಿ. ‘2018ರಲ್ಲಿ ಕೊಂಡದ್ದು’ ಎಂದು ಹೇಳಿ ಯು ಅಕ್ಷರದ ಬ್ಯಾಗ್ ತೋರಿಸಿದರೆ ಮುಂದೆ ಮಾತೇ ಬೇಡ. ಆದರೆ ನಕಲಿ ಮಾಡುವವರೂ ಈ ಪಟ್ಟಿಯನ್ನು ಓದಿಕೊಂಡಿರುತ್ತಾರೆ. ಅಕ್ಷರ ಸರಿಯಿದ್ದ ಮಾತ್ರಕ್ಕೆ ಬ್ಯಾಗ್ ಅಸಲಿ ಆಗುವುದಿಲ್ಲ.

ಹಿಮಾಲಯ ಬಿರ್ಕಿನ್ ಎನ್ನುತ್ತಾರೆ. ಹಿಮಾಲಯದಲ್ಲಿ ಮೊಸಳೆ ಎಲ್ಲಿಂದ ಬಂತು?

ಬಿರ್ಕಿನ್ ಎಂಬುದು ಎರ್ಮೆಸ್ ಕಂಪನಿಯ ಒಂದು ಬ್ಯಾಗಿನ ಹೆಸರು. ಹಿಮಾಲಯ ಎಂದು ಹೆಸರಿಟ್ಟದ್ದು ಬಣ್ಣಕ್ಕೆ. ಚರ್ಮ ನೈಲ್ ಮೊಸಳೆಯದು. ಅಂಚಿನಲ್ಲಿ ಹೊಗೆಬಣ್ಣ, ನಡುವೆ ಬರುತ್ತಾ ಬರುತ್ತಾ ಹಿಮದ ಬಿಳುಪು. ಮೊಸಳೆ ಚರ್ಮಕ್ಕೆ ಕಪ್ಪು ಬಣ್ಣ ಹಾಕುವುದು ಸುಲಭ, ಅದರ ಸಹಜ ಬಣ್ಣವನ್ನು ತೆಗೆದು ಬಿಳುಪಿಗೆ ತರುವುದೇ ಕಷ್ಟದ ಕೆಲಸ. ಚರ್ಮದಲ್ಲಿ ಒಂದು ಗೀರಿದ್ದರೂ ಬಿಳಿಯ ಮೇಲೆ ಎದ್ದು ಕಾಣುತ್ತದೆ, ಮುಚ್ಚಿಡಲು ಬಣ್ಣವಿಲ್ಲ. ಬಿಳಿ ಚಿನ್ನ ಮತ್ತು ವಜ್ರ ಕೂರಿಸಿದ ಇಂಥದೊಂದು ಬ್ಯಾಗ್ 2017ರ ಮೇ ತಿಂಗಳಲ್ಲಿ ಹಾಂಗ್‌ಕಾಂಗಿನ ಕ್ರಿಸ್ಟೀಸ್ ಹರಾಜಿನಲ್ಲಿ 29.4 ಲಕ್ಷ ಹಾಂಗ್‌ಕಾಂಗ್ ಡಾಲರಿಗೆ ಹೋಯಿತು. ಕೋಲಾರದ ಒಬ್ಬ ಓದುಗರು ಅದಕ್ಕೆ ರೂಪಾಯಿಯ ಲೆಕ್ಕ ಹಾಕಿ ‘ಬೈಪಾಸಿನಲ್ಲಿ ಎಷ್ಟು ಸೈಟು ಬರುತ್ತಿತ್ತು’ ಎಂದು ಬರೆದಿದ್ದರು. ನನ್ನ ಕೈಯಲ್ಲಿ ಉತ್ತರವಿರಲಿಲ್ಲ.

ಬೆಲೆ ಇಷ್ಟು ಏಕೆ? ಬರೀ ಹೆಸರಿಗೋ?

ಹೆಸರಿಗೂ ಹೌದು. ಆದರೆ ಹೆಸರಿಗೆ ಮಾತ್ರವಲ್ಲ.

ಮೊಸಳೆ ಚರ್ಮವನ್ನು ಹೊಟ್ಟೆಯ ಅಗಲಕ್ಕೆ, ಸೆಂಟಿಮೀಟರ್ ಲೆಕ್ಕದಲ್ಲಿ ಮಾರುತ್ತಾರೆ. ಮೊಸಳೆಗಳು ಒಂದನ್ನೊಂದು ಕಚ್ಚುತ್ತವೆ, ಸಿಮೆಂಟಿಗೆ ಉಜ್ಜಿಕೊಳ್ಳುತ್ತವೆ. ಗಾಯದ ಗುರುತು ಬಿದ್ದ ಚರ್ಮ ಕೆಳದರ್ಜೆಗೆ ಇಳಿಯುತ್ತದೆ. ಎದುರು, ಹಿಂಬದಿ, ಮುಚ್ಚಳ ಎಲ್ಲದರಲ್ಲೂ ಚೌಕಗಳು ಒಂದಕ್ಕೊಂದು ಹೊಂದಬೇಕಾದ್ದರಿಂದ ದೊಡ್ಡ ಬ್ಯಾಗಿಗೆ ಒಂದಕ್ಕಿಂತ ಹೆಚ್ಚು ಚರ್ಮ ಬೇಕು. ಹೊಳಪಿನ ಮೊಸಳೆ ಚರ್ಮವನ್ನು ಅಕೀಕ್ ಕಲ್ಲಿನಿಂದ ಒತ್ತಿ ಉಜ್ಜಿ ಹೊಳಪಿಸುತ್ತಾರೆ. ಆ ಮಿನುಗು ಮೇಲೆ ಬಳಿದ ವಾರ್ನಿಷ್‌ನದಲ್ಲ.

ಹೊಲಿಗೆಯ ಮಾತು ಬೇರೆ. ಮೇಣ ಸವರಿದ ನಾರಗಸೆ ದಾರದ ಎರಡು ತುದಿಗೂ ಸೂಜಿ ಪೋಣಿಸಿ, ಒಂದೇ ತೂತಿನಿಂದ ಎದುರುಬದುರಾಗಿ ಎರಡೂ ಸೂಜಿ ದಾಟಿಸುವ ಕುದುರೆ ಜೀನಿನ ಹೊಲಿಗೆ ಅದು. ಒಂದು ಎಳೆ ಹರಿದರೂ ಇನ್ನೊಂದು ಹಿಡಿದುಕೊಂಡಿರುತ್ತದೆ. ಯಂತ್ರದ ಹೊಲಿಗೆಯಲ್ಲಿ ಒಂದು ಕಡೆ ಬಿಟ್ಟರೆ ಸಾಲು ಬಿಚ್ಚಿಕೊಳ್ಳುತ್ತಾ ಹೋಗಬಹುದು.

ಇನ್ನು ಕಚ್ಚಾ ಚರ್ಮ ಯಾರ ಕೈಯಲ್ಲಿದೆ ಎಂಬುದು. ಎರ್ಮೆಸ್‌ಗೆ ಆಸ್ಟ್ರೇಲಿಯಾದಲ್ಲಿ ಸ್ವಂತ ಮೊಸಳೆ ಫಾರ್ಮ್‌ಗಳಿವೆ. ಲೂಯಿ ವಿಟಾನ್ ಬ್ರ್ಯಾಂಡಿನ ಒಡೆತನ ಹೊಂದಿರುವ ಕಂಪನಿ ಎಲ್‌ವಿಎಂಎಚ್ 2011ರಲ್ಲಿ ಸಿಂಗಪುರದ ಹೆಂಗ್ ಲಾಂಗ್ ಎಂಬ ಚರ್ಮ ಹದ ಮಾಡುವ ಕಾರ್ಖಾನೆಯ ಬಹುಪಾಲು ಒಡೆತನವನ್ನೇ ಕೊಂಡಿತು. ಒಳ್ಳೆಯ ಚರ್ಮ ಹೊರಗಿನ ಮಾರುಕಟ್ಟೆಗೆ ಬರುವುದೇ ಕಡಿಮೆ.

ಮಗ ವಿದೇಶದಿಂದ ಬರುತ್ತಿದ್ದಾನೆ. ಬರುವಾಗ ಒಂದು ತಾ ಎಂದು ಹೇಳಲೇ?

ಹೇಳುವ ಮೊದಲು ಇದನ್ನು ಪೂರ್ತಿ ಓದಿ.

ಅಳಿವಿನಂಚಿನ ಪ್ರಾಣಿ ಮತ್ತು ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ ಎಂಬ ಒಪ್ಪಂದವಿದೆ. 1973ರಲ್ಲಿ ವಾಷಿಂಗ್ಟನ್ನಿನಲ್ಲಿ ಸಹಿಯಾಗಿ 1975ರ ಜುಲೈ 1ರಿಂದ ಜಾರಿಗೆ ಬಂತು, ಭಾರತ 1976ರಲ್ಲಿ ಸೇರಿತು. ಮೊಸಳೆ ಕುಲದ ಎಲ್ಲ ಜಾತಿಗಳೂ, ಎಲ್ಲ ಹೆಬ್ಬಾವುಗಳೂ ಇದರ ಒಂದಲ್ಲ ಒಂದು ಪಟ್ಟಿಯಲ್ಲಿವೆ. ಬ್ಯಾಗ್ ಆಗಿ ಹೊಲಿದರೂ ಅದು ಆ ಪ್ರಾಣಿಯ ಭಾಗವೇ. ಕಳಿಸುವ ದೇಶದ ರಫ್ತು ಪರವಾನಗಿ ಬೇಕು, ಜೊತೆಗೆ ಬರಮಾಡಿಕೊಳ್ಳುವ ದೇಶ ಏನು ಕೇಳುತ್ತದೋ ಅದೂ ಬೇಕು.

ಈ ಎರಡನೆಯದರಲ್ಲೇ ಜನ ಎಡವುವುದು. ಆಸ್ಟ್ರೇಲಿಯಾದ ಒಬ್ಬ ಮಹಿಳೆ ಫ್ರಾನ್ಸಿನಿಂದ 26,000 ಆಸ್ಟ್ರೇಲಿಯನ್ ಡಾಲರ್ ಮೀರಿದ ಅಲಿಗೇಟರ್ ಬ್ಯಾಗನ್ನು ಆನ್‌ಲೈನ್‌ನಲ್ಲಿ ತರಿಸಿಕೊಂಡರು. ಫ್ರಾನ್ಸಿನ ರಫ್ತು ಪರವಾನಗಿ ಇತ್ತು. ತಮ್ಮ ದೇಶದ 70 ಡಾಲರಿನ ಆಮದು ಪರವಾನಗಿ ಮಾಡಿಸಿರಲಿಲ್ಲ. 2021ರಲ್ಲಿ ಪರ್ತ್‌ನಲ್ಲಿ ಬ್ಯಾಗನ್ನು ಜಪ್ತಿ ಮಾಡಿ ನಾಶಪಡಿಸಿದರು.

‘ಸ್ವಂತ ಬಳಕೆಗೆ ನಾಲ್ಕು ಮೊಸಳೆ ವಸ್ತುಗಳವರೆಗೆ ವಿನಾಯಿತಿ ಇದೆಯಂತೆ’ ಎಂದು ಕೆಲವರು ವಾದಿಸುತ್ತಾರೆ. ಸೈಟಿಸ್ ನಿರ್ಣಯದಲ್ಲಿ ಆ ಮಾತಿದೆ, ನಿಜ. ಆದರೆ ಯಾವ ದೇಶ ಬೇಕಾದರೂ ಅದಕ್ಕಿಂತ ಬಿಗಿಯಾದ ಕಾನೂನು ಇಟ್ಟುಕೊಳ್ಳಬಹುದು, ಭಾರತದ ಕಾನೂನು ಬಿಗಿಯಾಗಿಯೇ ಇದೆ. ಆ ನಾಲ್ಕರ ಲೆಕ್ಕ ನಂಬಿಕೊಂಡು ವಿಮಾನ ಹತ್ತಬೇಡಿ.

ನಮ್ಮ ದೇಶದ ಮಟ್ಟಿಗೆ ಇನ್ನೊಂದು ತೊಡಕಿದೆ, ಅಂಗಡಿಯವರು ಇದನ್ನು ಹೇಳುವುದಿಲ್ಲ. ಉಪ್ಪುನೀರಿನ ಮೊಸಳೆ ಒಡಿಶಾದ ಭಿತರ್‌ಕನಿಕಾ, ಸುಂದರಬನ ಮತ್ತು ಅಂಡಮಾನಿನಲ್ಲೂ ಇರುವ ಪ್ರಾಣಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ, ಹುಲಿಯ ಜೊತೆಗೇ, ಅದರ ಹೆಸರಿದೆ. ಜಾಲರಿ ಹೆಬ್ಬಾವು ಮತ್ತು ನೀರುಡದ ಕಥೆಯೂ ಅದೇ. ನಿಮ್ಮ ಬ್ಯಾಗಿನ ಮೊಸಳೆ ಆಸ್ಟ್ರೇಲಿಯಾದ ಫಾರ್ಮಿನಲ್ಲಿ ಹುಟ್ಟಿ ಬೆಳೆದದ್ದು ಎಂದು ವಿಮಾನ ನಿಲ್ದಾಣದಲ್ಲಿ ನಿಂತು ವಾದಿಸಬೇಕಾಗುತ್ತದೆ. ನೈಲ್ ಮೊಸಳೆ ಮತ್ತು ಅಲಿಗೇಟರ್ ನಮ್ಮ ಕಾಡಿನವಲ್ಲ, ಅವುಗಳಿಗೆ ಈ ಎರಡನೇ ತಲೆನೋವು ಕಡಿಮೆ. ಸೈಟಿಸ್ ಕಾಗದ ಮಾತ್ರ ತಪ್ಪುವುದಿಲ್ಲ. ದಕ್ಷಿಣ ಆಫ್ರಿಕಾದ ಫಾರ್ಮಿನ ಉಷ್ಟ್ರಪಕ್ಷಿಗೆ ಸೈಟಿಸ್ ಪರವಾನಗಿಯೇ ಬೇಡ, ಆದರೂ ಚರ್ಮದ ಹೆಸರು ಸ್ಪಷ್ಟವಾಗಿ ನಮೂದಾದ ಬಿಲ್ಲು ಜೊತೆಗಿರಲಿ.

ದೇವನಹಳ್ಳಿಯಲ್ಲಿ ಇಳಿದ ಮೇಲೆ ಕಸ್ಟಮ್ಸ್‌ನವರ ರೆಡ್ ಚಾನೆಲ್‌ಗೆ ಹೋಗಿ ಘೋಷಿಸಿ, ಸುಂಕ ಕಟ್ಟಿ, ರಸೀದಿ ಪಡೆದುಕೊಳ್ಳಿ. ಬೆಲೆಯ ಚೀಟಿ ಕಿತ್ತು, ಹಳೆಯ ಬ್ಯಾಗ್ ಎಂಬಂತೆ ಹೆಗಲಿಗೆ ಹಾಕಿಕೊಂಡು ಹಸಿರು ದಾರಿಯಲ್ಲಿ ನಡೆದುಬರುವ ಉಪಾಯವನ್ನು ಇಲ್ಲಿ ಯಾರೂ ಕೇಳಬೇಡಿ. ಕೊಲಂಬಿಯಾದ ಹೆಸರಾಂತ ವಿನ್ಯಾಸಕಿ ನ್ಯಾನ್ಸಿ ಗೊಂಜಾಲೆಜ್ ಕೇಮನ್ ಮತ್ತು ಹೆಬ್ಬಾವಿನ ಬ್ಯಾಗುಗಳನ್ನು ಪರವಾನಗಿಯಿಲ್ಲದೆ ಪ್ರಯಾಣಿಕರ ಕೈಯಲ್ಲಿ ಅಮೆರಿಕಕ್ಕೆ ಸಾಗಿಸುತ್ತಿದ್ದರು. ಕೇಳಿದರೆ ನೆಂಟರಿಗೆ ಉಡುಗೊರೆ ಎನ್ನಿ ಎಂದು ಹೇಳಿಕೊಟ್ಟಿದ್ದರು. 2024ರ ಏಪ್ರಿಲಿನಲ್ಲಿ ಅವರಿಗೆ 18 ತಿಂಗಳ ಸೆರೆವಾಸವಾಯಿತು.

ಅಜ್ಜಿಯ ಕಾಲದ ಹಾವಿನ ಚರ್ಮದ ಪರ್ಸ್ ಇದೆ. ಮಾರಬಹುದೇ?

ಮಾರಬೇಡಿ. ಫೋಟೊ ತೆಗೆದು ಎಲ್ಲೂ ಹಾಕಲೂ ಬೇಡಿ.

2023ರ ಅಕ್ಟೋಬರಿನಲ್ಲಿ ನಮ್ಮ ರಾಜ್ಯದಲ್ಲಿ ಎದ್ದ ಹುಲಿ ಉಗುರಿನ ಗದ್ದಲ ನೆನಪಿರಬೇಕು. ಟೀವಿಯಲ್ಲಿ ಒಬ್ಬರ ಕೊರಳಿನಲ್ಲಿ ಕಂಡ ಪದಕದಿಂದ ಶುರುವಾಗಿ ಎಷ್ಟು ಮನೆಗಳಿಗೆ ಅರಣ್ಯ ಇಲಾಖೆಯವರು ಹೋದರು! ಹಾವಿನ ಚರ್ಮಕ್ಕೂ ಕಾಯ್ದೆ ಅದೇ. ಮೊದಲ ಅನುಸೂಚಿಯ ಪ್ರಾಣಿಯ ವಿಷಯದಲ್ಲಿ ಅಪರಾಧ ಸಾಬೀತಾದರೆ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಸೆರೆ, ಮೇಲೆ ಕನಿಷ್ಠ 25,000 ರೂಪಾಯಿ ದಂಡ. ‘ಪಿತ್ರಾರ್ಜಿತ’ ಎಂಬ ಮಾತು ಮಾಲೀಕತ್ವ ಪ್ರಮಾಣಪತ್ರಕ್ಕೆ ಬದಲಿಯಾಗುವುದಿಲ್ಲ. ಹಳೆಯ ವನ್ಯಜೀವಿ ವಸ್ತುಗಳನ್ನು ಘೋಷಿಸಿಕೊಳ್ಳಲು ಕೇಂದ್ರ ಸರ್ಕಾರ 2003ರಲ್ಲಿ 180 ದಿನಗಳ ಅವಕಾಶ ಕೊಟ್ಟಿತ್ತು. ಆಗ ನಿಮ್ಮ ಮನೆಯಲ್ಲಿ ಯಾರಾದರೂ ಅರ್ಜಿ ಹಾಕಿದ್ದರೇ ಎಂದು ಹಿರಿಯರನ್ನು ಕೇಳಿ, ಕಬ್ಬಿಣದ ಪೆಟ್ಟಿಗೆಯ ತಳದ ಕಾಗದಗಳನ್ನೆಲ್ಲ ಒಮ್ಮೆ ತೆಗೆದು ನೋಡಿ. ಏನೂ ಸಿಗದಿದ್ದರೆ ವಕೀಲರ ಜೊತೆ ಮಾತಾಡಿ ಅರಣ್ಯ ಇಲಾಖೆಯ ಬಳಿ ಹೋಗುವುದು ಸರಿ.

ಸಂಗೀತದವರು ಇದನ್ನು ನಮಗಿಂತ ಮೊದಲೇ ಎದುರಿಸಿದ್ದಾರೆ. ಖಂಜಿರಕ್ಕೆ ಹಿಂದೆ ಉಡದ ಚರ್ಮವನ್ನೇ ಬಿಗಿಯುತ್ತಿದ್ದರು. ಈಗ ಮೇಕೆ ಚರ್ಮಕ್ಕೆ ಬಂದಿದ್ದಾರೆ. ಅದರ ನಾದ ಇದರಲ್ಲಿ ಇಲ್ಲ ಎಂದು ಗೊಣಗುತ್ತಾರೆ, ನುಡಿಸುತ್ತಲೂ ಇದ್ದಾರೆ.

ದೇಶದೊಳಗೇ ಸೆಕೆಂಡ್ ಹ್ಯಾಂಡ್ ಕೊಂಡರೆ ಈ ರಗಳೆ ಇಲ್ಲವಲ್ಲ?

ರಗಳೆ ಇನ್ನೊಬ್ಬರಿಂದ ನಿಮಗೆ ವರ್ಗವಾಗುತ್ತದೆ, ಅಷ್ಟೇ. ಕಾಗದವಿಲ್ಲದ ಮೊಸಳೆ ಬ್ಯಾಗ್ ಎಂದರೆ ಖಾತೆಯಿಲ್ಲದ ಸೈಟು. ಜಾಗ ಕಣ್ಣೆದುರಿಗಿದೆ, ಬೇಲಿಯೂ ಇದೆ, ಮಾರಲು ಹೋದ ದಿನ ಗೊತ್ತಾಗುತ್ತದೆ. ಮೂಲ ಅಂಗಡಿಯ ಬಿಲ್ಲು, ಸೈಟಿಸ್ ಪರವಾನಗಿ, ಭಾರತಕ್ಕೆ ಬಂದಾಗಿನ ಕಸ್ಟಮ್ಸ್ ರಸೀದಿ: ಈ ಮೂರನ್ನು ಕೇಳಿ. ಪರವಾನಗಿಯಲ್ಲಿ ಪ್ರಾಣಿಯ ಲ್ಯಾಟಿನ್ ಹೆಸರು ಇರುತ್ತದೆ. ಬ್ಯಾಗಿನ ಮೇಲಿನ ಮುದ್ರೆಗೂ ಅದಕ್ಕೂ ತಾಳೆಯಾಗಬೇಕು. ‘ಪೇಪರ್ ಎಲ್ಲಾ ಇದೆ, ಆಮೇಲೆ ಕಳಿಸುತ್ತೇವೆ’ ಎನ್ನುವವರಿಗೆ ದುಡ್ಡನ್ನೂ ಆಮೇಲೆಯೇ ಕಳಿಸಿ.

ಡಬ್ಬ, ರಿಬ್ಬನ್, ಧೂಳಿನ ಚೀಲ ಎಲ್ಲ ಇದೆ ಎಂದು ಮಾರುವವರು ಹೆಮ್ಮೆಯಿಂದ ತೋರಿಸುತ್ತಾರೆ. ಎರ್ಮೆಸ್‌ನ ಖಾಲಿ ಕಿತ್ತಳೆ ಬಣ್ಣದ ಡಬ್ಬಗಳೂ ಪ್ರತ್ಯೇಕವಾಗಿ ಮಾರಾಟಕ್ಕೆ ಸಿಗುತ್ತವೆ ಎಂಬುದು ತಿಳಿದಿರಲಿ.

ಹಸುವಿನ ಚರ್ಮಕ್ಕೆ ಮೊಸಳೆ ಅಚ್ಚು ಒತ್ತಿದ್ದರೆ ತಿಳಿಯುತ್ತದೆಯೇ?

ತಿಳಿಯುತ್ತದೆ. ಅಚ್ಚು ಒಂದೇ ತಟ್ಟೆಯದು, ಆದ್ದರಿಂದ ವಿನ್ಯಾಸ ಮರುಕಳಿಸುತ್ತದೆ. ವಿಚಿತ್ರ ಆಕಾರದ ಒಂದು ಹುರುಪೆ ಹುಡುಕಿ, ಅದೇ ಆಕಾರ ಬೇರೆಲ್ಲಾದರೂ ಇದೆಯೇ ನೋಡಿ. ಹುರುಪೆಗಳ ನಡುವಿನ ಗೆರೆಯಲ್ಲಿ ಬೆರಳಿನಿಂದ ಮಡಿಸಿ. ಅಸಲಿ ಚರ್ಮ ಆ ಗೆರೆಯಲ್ಲಿ ಸಲೀಸಾಗಿ ಬಾಗುತ್ತದೆ, ಅಚ್ಚಿನದು ತನಗೆ ತೋಚಿದ ಕಡೆ ಸುಕ್ಕಾಗುತ್ತದೆ. ಉಷ್ಟ್ರಪಕ್ಷಿಯ ನಕಲಿಯಲ್ಲಿ ಗುಳ್ಳೆಗಳು ಒಂದೇ ಗಾತ್ರದಲ್ಲಿ, ಒಂದೇ ದೂರದಲ್ಲಿ ಇರುತ್ತವೆ. ನಿಜವಾದದ್ದರಲ್ಲಿ ಗುಳ್ಳೆ ಎಂದರೆ ಗರಿ ಕಿತ್ತ ಜಾಗ, ಅದರ ನೆತ್ತಿಯಲ್ಲಿ ಸಣ್ಣ ರಂಧ್ರ ಇರುತ್ತದೆ. ಬೆನ್ನಿನ ನಡುವೆ ದಟ್ಟ, ಪಕ್ಕಕ್ಕೆ ಸರಿದಂತೆ ವಿರಳ.

ನಮ್ಮ ಹವೆಗೆ ಇವು ತಡೆಯುತ್ತವೆಯೇ? ಹೇಗೆ ಇಡಬೇಕು?

ಕೋಲಾರ, ಚಿಕ್ಕಬಳ್ಳಾಪುರದ ಒಣ ಹವೆ ಕರಾವಳಿಗಿಂತ ಎಷ್ಟೋ ವಾಸಿ. ಮಂಗಳೂರಿನಲ್ಲಿ ಬೂಷ್ಟಿನ ಜೊತೆ ವರ್ಷವಿಡೀ ಹೋರಾಡಬೇಕು. ನಮಗೆ ಜೋಪಾನ ಬೇಕಾದದ್ದು ಮಳೆ ಜೋರಾಗಿರುವ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ, ಮತ್ತೆ ಚರ್ಮ ಒಣಗಿ ಬಿರಿಯುವ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ. ಗಾಳಿಯ ತೇವಾಂಶ ಶೇ 45ರಿಂದ 55ರ ಒಳಗೆ ಇದ್ದರೆ ಒಳ್ಳೆಯದು. ತೇವಾಂಶ ತೋರಿಸುವ ಸಣ್ಣ ಮೀಟರ್ ಅಗ್ಗಕ್ಕೆ ಸಿಗುತ್ತದೆ, ಬೀರುವಿನೊಳಗೆ ಒಂದನ್ನು ಇಟ್ಟುಬಿಡಿ.

ರೇಷ್ಮೆ ಸೀರೆ ಇಡುವ ಬೀರುವಿನಲ್ಲಿ ಇವನ್ನು ಇಡಬೇಡಿ. ನುಸಿಗುಳಿಗೆಯ ವಾಸನೆ ಚರ್ಮಕ್ಕೆ ಹಿಡಿದರೆ ಬಿಡುವುದೇ ಇಲ್ಲ. ಪ್ಲಾಸ್ಟಿಕ್ ಕವರ್ ಬೇಡ. ಒಗೆದು ಒಗೆದು ಮೆತ್ತಗಾದ ಬಿಳಿ ಪಂಚೆಯ ತುಂಡಿನಲ್ಲಿ ಸುತ್ತಿಡಿ. ಒಳಗೆ ತುಂಬಲು ಅಚ್ಚಿಲ್ಲದ ಕಾಗದ ಬಳಸಿ, ಪತ್ರಿಕೆಯ ಶಾಯಿ ಒಳಪದರಕ್ಕೆ ಹತ್ತುತ್ತದೆ. ಬೂಷ್ಟು ಬಂದರೆ ಉಳಿದ ಬ್ಯಾಗುಗಳಿಂದ ದೂರ ಒಯ್ದು, ಮನೆಯ ಹೊರಗೆ ನೆರಳಿನಲ್ಲಿ ಒಣ ಮೆತ್ತನೆಯ ಬಟ್ಟೆಯಿಂದ ಒರೆಸಿ, ಗಾಳಿಯಾಡಲು ಬಿಡಿ. ಹಪ್ಪಳ ಸಂಡಿಗೆ ಒಣಗಿಸುವ ಟೆರೇಸಿನ ಬಿಸಿಲಿಗೆ ಇಟ್ಟೀರಿ! ಬಣ್ಣವೂ ಹೋಗುತ್ತದೆ, ಹುರುಪೆಯ ಅಂಚೂ ಮೇಲೇಳುತ್ತದೆ.

ನಮ್ಮ ಕಡೆಯ ನಿಜವಾದ ಶತ್ರು ಕೆಮ್ಮಣ್ಣಿನ ಧೂಳು. ಹುರುಪೆಗಳ ನಡುವಿನ ಗೆರೆಯಲ್ಲಿ ಕೂತರೆ ತಿಳಿ ಬಣ್ಣದ ಬ್ಯಾಗಿಗೆ ಇಟ್ಟಿಗೆ ಬಣ್ಣದ ಜಾಲರಿ ಎಳೆದಂತಾಗುತ್ತದೆ. ಒದ್ದೆ ಬಟ್ಟೆ ಮುಟ್ಟಿಸಿದರೆ ಅದು ಕೆಸರಾಗಿ ಇನ್ನೂ ಒಳಗಿಳಿಯುತ್ತದೆ. ಮುಖಕ್ಕೆ ಪೌಡರ್ ಹಚ್ಚುವ ಮೆತ್ತನೆಯ ಬ್ರಷ್ ಒಂದನ್ನು ಇದಕ್ಕೆಂದೇ ಇಟ್ಟುಕೊಂಡು, ಹುರುಪೆ ಸಾಗುವ ದಿಕ್ಕಿನಲ್ಲೇ ಆಡಿಸಿ. ಹೆಬ್ಬಾವಿನ ಬ್ಯಾಗನ್ನು ಎದುರು ದಿಕ್ಕಿನಲ್ಲಿ ಉಜ್ಜಿದರೆ ಹುರುಪೆ ಕಿತ್ತು ನಿಲ್ಲುತ್ತದೆ.

ಮದುವೆಗೆ ಒಯ್ಯುವವರಿಗೆ ಎರಡು ಮಾತು. ಕಲ್ಯಾಣ ಮಂಟಪದ ಬಾಗಿಲಿನಲ್ಲಿ ಪನ್ನೀರು ಚಿಮುಕಿಸುತ್ತಾರೆ. ಹೊಳಪಿನ ಮೊಸಳೆ ಚರ್ಮದ ಮೇಲೆ ನೀರು ಬಿದ್ದ ಕಡೆಯೆಲ್ಲ ಮಂಕಾದ ಕಲೆ ಏಳುತ್ತದೆ, ಮನೆಯ ಉಪಾಯಗಳಿಗೆ ಅದು ಹೋಗುವುದಿಲ್ಲ. ಬಾಗಿಲಿಗೆ ಬರುವಾಗ ಬ್ಯಾಗ್ ಸೆರಗಿನ ಒಳಗಿರಲಿ. ಎರಡನೆಯದು, ಹೊರಡುವಾಗ ಕೊಡುವ ತಾಂಬೂಲವನ್ನು ಆ ಬ್ಯಾಗಿನೊಳಗೆ ಹಾಕಬೇಡಿ. ಒದ್ದೆ ವೀಳ್ಯದೆಲೆ, ಕುಂಕುಮದ ಪೊಟ್ಟಣ, ನೀರು ಜಿನುಗುವ ತೆಂಗಿನಕಾಯಿ, ಮೂರೂ ಸೇರಿ ಒಂದೇ ಸಂಜೆಯಲ್ಲಿ ಒಳಪದರವನ್ನು ಹಾಳುಗೆಡವಬಲ್ಲವು. ಕಾಯಿಗೆ ಅವರೇ ಬಟ್ಟೆಚೀಲ ಕೊಡುತ್ತಾರೆ, ಅದರಲ್ಲೇ ಬರಲಿ.

ಹಾವಿನ ಚರ್ಮ ಮನೆಗೆ ತರಕೂಡದು ಎಂದು ಅತ್ತೆಯವರು ಹೇಳುತ್ತಾರೆ. ಏನು ಮಾಡಲಿ?

ಗೌರಿಬಿದನೂರಿನ ಸೊಸೆಯೊಬ್ಬರು ಕೇಳಿದ ಪ್ರಶ್ನೆ. ಆಮೇಲೆ ಇದೇ ಮಾತನ್ನು ಹಲವರು ಕೇಳಿದ್ದಾರೆ. ವಿದುರಾಶ್ವತ್ಥದಲ್ಲಿ ನಾಗರಕಲ್ಲು ಪ್ರತಿಷ್ಠೆ ಮಾಡಿಸಿ ಬಂದ ಮನೆಗೆ ಹೆಬ್ಬಾವಿನ ಬ್ಯಾಗ್ ಒಯ್ಯಬೇಕೆಂಬ ಹಟ ಏಕೆ? ಅತ್ತೆಯವರ ನಂಬಿಕೆಯನ್ನು ವಾದದಲ್ಲಿ ಗೆಲ್ಲಲು ಆಗುವುದಿಲ್ಲ, ಗೆದ್ದರೂ ಆ ಬ್ಯಾಗ್ ಹಿಡಿದು ಹಬ್ಬದ ದಿನ ಹೊರಡಲು ಆಗುವುದಿಲ್ಲ. ಉಷ್ಟ್ರಪಕ್ಷಿಗೆ ಇಲ್ಲಿ ಯಾರ ಮನೆದೇವರ ನಂಟೂ ಇಲ್ಲ. ಇನ್ನು ದೇವಸ್ಥಾನದ ಮಾತು: ಯಾವ ಚರ್ಮವಾದರೂ ಒಳಗೆ ಬೇಡ ಎನ್ನುವ ಕಡೆ ಕಾರಿನಲ್ಲೇ ಬಿಟ್ಟುಹೋಗಿ, ಚಪ್ಪಲಿ ಕಾಯುವವರ ಕೈಗೆ ಮಾತ್ರ ಕೊಡಬೇಡಿ.

ಇದು ಹಿಂಸೆ ಅಲ್ಲವೇ? ನಿಮಗೆ ಏನೂ ಅನ್ನಿಸುವುದಿಲ್ಲವೇ?

ಹಿಂಸೆ ಹೌದು. ಒಂದು ಪ್ರಾಣಿಯನ್ನು ಅದರ ಹೊಟ್ಟೆಯ ಚರ್ಮಕ್ಕಾಗಿ ಸಾಕಿ ಕೊಲ್ಲುವುದಕ್ಕೆ ಬೇರೆ ಹೆಸರಿಲ್ಲ. 2015ರಲ್ಲಿ ಫಾರ್ಮ್‌ಗಳ ವಿಡಿಯೊ ಹೊರಬಂದಾಗ ಯಾರ ಹೆಸರಿನಲ್ಲಿ ಬಿರ್ಕಿನ್ ಬ್ಯಾಗ್ ಇದೆಯೋ ಆ ನಟಿ ಜೇನ್ ಬಿರ್ಕಿನ್ ಅವರೇ, ಮೊಸಳೆ ಚರ್ಮದ ಬ್ಯಾಗಿನಿಂದ ತಮ್ಮ ಹೆಸರು ತೆಗೆಯಿರಿ ಎಂದು ಎರ್ಮೆಸ್‌ಗೆ ಹೇಳಿದರು. ಕಂಪನಿ ಕೈಗೊಂಡ ಕ್ರಮ ಒಪ್ಪಿಗೆಯಾದ ಮೇಲೆ ಬೇಡಿಕೆ ಹಿಂದೆಗೆದುಕೊಂಡರು. ಫ್ರಾನ್ಸಿನ ಇನ್ನೊಂದು ಕಂಪನಿ ಶನೆಲ್ 2018ರ ಡಿಸೆಂಬರಿನಲ್ಲಿ ಇಂಥ ಚರ್ಮಗಳನ್ನು ಬಳಸುವುದನ್ನೇ ನಿಲ್ಲಿಸುವುದಾಗಿ ಪ್ರಕಟಿಸಿತು.

ಇನ್ನೊಂದು ಬದಿಯೂ ಇದೆ. ಅಮೆರಿಕದ ಅಲಿಗೇಟರ್ 1967ರಲ್ಲಿ ಅಳಿವಿನಂಚಿನ ಪಟ್ಟಿಯಲ್ಲಿತ್ತು, 1987ರಲ್ಲಿ ಹೊರಬಂತು. ಲೂಯಿಸಿಯಾನಾದಲ್ಲಿ ಜೌಗುಭೂಮಿಯ ಮಾಲೀಕರಿಗೆ ಫಾರ್ಮಿಗೆ ಮಾರುವ ಕಾಡು ಅಲಿಗೇಟರ್ ಮೊಟ್ಟೆಗಳಿಂದ ಆದಾಯ ಬರುತ್ತದೆ, ಫಾರ್ಮಿನವರು ಬೆಳೆದ ಮರಿಗಳಲ್ಲಿ ಒಂದು ಪಾಲನ್ನು ನೀರಿಗೆ ಮರಳಿ ಬಿಡಬೇಕು. ಆದಾಯ ಬರುವ ಜೌಗನ್ನು ಯಾರೂ ಮುಚ್ಚಿ ಲೇಔಟ್ ಮಾಡು‍ವುದಿಲ್ಲ; ನಮ್ಮ ಕೆರೆಗಳ ಗತಿ ಕಂಡವರಿಗೆ ಈ ಮಾತು ತಟ್ಟನೆ ಅರ್ಥವಾಗುತ್ತದೆ. ಉತ್ತರ ಆಸ್ಟ್ರೇಲಿಯಾದಲ್ಲೂ 1971ರಲ್ಲಿ ಬೇಟೆ ನಿಲ್ಲಿಸಿದ ಮೇಲೆ ಉಪ್ಪುನೀರಿನ ಮೊಸಳೆಗಳು ಕೆಲವೇ ಸಾವಿರದಿಂದ ಒಂದು ಲಕ್ಷದ ಆಸುಪಾಸಿಗೆ ಏರಿವೆ. ಹೆಬ್ಬಾವಿನ ವ್ಯಾಪಾರದ ಬಗ್ಗೆ ನನಗೆ ಇಂಥ ಸಮಾಧಾನವಿಲ್ಲ. ಇಂಡೊನೇಷ್ಯಾದಲ್ಲಿ ಬಹುಪಾಲನ್ನು ಕಾಡಿನಿಂದಲೇ ಹಿಡಿಯುತ್ತಾರೆ. ನಾನು ಹೆಬ್ಬಾವಿನ ಬ್ಯಾಗ್ ಕೊಳ್ಳುವುದಿಲ್ಲ. ಮೊಸಳೆಯನ್ನು ಹೊಸದಾಗಿ ಕೊಳ್ಳುವ ಬದಲು ಹಳೆಯದನ್ನು ಹುಡುಕುತ್ತೇನೆ. ಇದನ್ನು ಒಪ್ಪದವರ ಜೊತೆ ನನಗೆ ಜಗಳವಿಲ್ಲ.

ಚಿನ್ನದ ಬದಲು ಬ್ಯಾಗಿನಲ್ಲಿ ದುಡ್ಡು ಹಾಕಿದರೆ ಹೇಗೆ?

ಬೇಡ. ಚಿನ್ನವನ್ನು ಯಾವ ಊರಿನ ಯಾವ ಅಂಗಡಿಯಲ್ಲಾದರೂ ಅರ್ಧ ಗಂಟೆಯಲ್ಲಿ ಅಡವಿಡಬಹುದು. ಬಿರ್ಕಿನ್ ಹಿಡಿದುಕೊಂಡು ಸಹಕಾರಿ ಬ್ಯಾಂಕಿಗೆ ಹೋಗಿ ನೋಡಿ. 2025ರ ಜುಲೈನಲ್ಲಿ ಪ್ಯಾರಿಸ್ಸಿನ ಸೊಥೆಬೀಸ್‌ನಲ್ಲಿ ಮೊತ್ತಮೊದಲ ಬಿರ್ಕಿನ್ ಹರಾಜಿನಲ್ಲಿ 86 ಲಕ್ಷ ಯೂರೊಗೆ ಹೋದದ್ದನ್ನು ಎಲ್ಲರೂ ಉದಾಹರಿಸುತ್ತಾರೆ. ಅದು ಜೇನ್ ಬಿರ್ಕಿನ್ ಸ್ವತಃ ವರ್ಷಗಟ್ಟಲೆ ಹಿಡಿದು ಓಡಾಡಿದ, ಮೈಯೆಲ್ಲ ಗೀರು ಬಿದ್ದ ಬ್ಯಾಗ್, ಮೊಸಳೆಯದೂ ಅಲ್ಲ. ಅದರ ಬೆಲೆ ಇತಿಹಾಸದ ಬೆಲೆ, ನಿಮ್ಮ ಬ್ಯಾಗಿಗೆ ಅದು ಅನ್ವಯಿಸುವುದಿಲ್ಲ. ವಿದೇಶದ ಹರಾಜಿಗೆ ಕಳಿಸಬೇಕೆಂದರೆ ಮತ್ತೆ ಸೈಟಿಸ್ ರಫ್ತು ಪರವಾನಗಿ, ಮತ್ತೆ ಅಲೆದಾಟ.

ತೆರಿಗೆಯ ವಿಷಯ ಒಂದಿದೆ. 10 ಲಕ್ಷ ರೂಪಾಯಿ ಮೀರಿದ ಕೈಚೀಲಕ್ಕೆ 2025ರ ಏಪ್ರಿಲ್ 22ರಿಂದ ಅಂಗಡಿಯವರು ಶೇ 1ರಷ್ಟು ಟಿಸಿಎಸ್ (ಮಾರುವಾಗಲೇ ಹಿಡಿದುಕೊಳ್ಳುವ ಆದಾಯ ತೆರಿಗೆ) ವಸೂಲು ಮಾಡಬೇಕು. ಪ್ಯಾನ್ ಸಂಖ್ಯೆ ಕೊಡಬೇಕಾಗುತ್ತದೆ, ಆ ಮೊತ್ತವನ್ನು ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು. ಲೆಕ್ಕಕ್ಕೆ ಬಾರದ ದುಡ್ಡಿನಲ್ಲಿ ಕೊಳ್ಳಬೇಕೆಂದಿದ್ದವರು ಈ ಸಾಲನ್ನು ಎರಡು ಬಾರಿ ಓದಲಿ.

ಮೊದಲ ಬ್ಯಾಗ್ ಯಾವುದಿರಲಿ?

ಉಷ್ಟ್ರಪಕ್ಷಿ. ಗಟ್ಟಿ, ಹಗುರ, ಕಾಗದದ ತೊಡಕು ಕಡಿಮೆ, ಸಣ್ಣ ಗೀರು ಎದ್ದು ಕಾಣುವುದಿಲ್ಲ. ಹಿಡಿಕೆ ಕೈಯ ಎಣ್ಣೆಗೆ ಕಪ್ಪಾಗುತ್ತದೆ, ಆದ್ದರಿಂದ ತಿಳಿ ಬಣ್ಣ ಬೇಡ. ಮೊಸಳೆ ಬೇಕೇ ಬೇಕೆಂದರೆ ಹೊಳಪಿಲ್ಲದ ಅಲಿಗೇಟರ್ ನೋಡಿ, ನೀರಿನ ಕಲೆಯ ಭಯ ಸ್ವಲ್ಪ ಕಡಿಮೆ. ಉಡದ ಚರ್ಮ ಚೆಂದ, ಆದರೆ ನಮ್ಮ ಬೇಸಿಗೆಗೆ ಒಣಗಿ ಅಂಚು ಎದ್ದುಬಿಡುತ್ತದೆ. ಕಾನೂನಿನ ತೊಡಕಂತೂ ಇದ್ದೇ ಇದೆ.

ಹಿಡಿಕೆಯ ಹೊಲಿಗೆ ಬಿಟ್ಟಿದೆ. ಇಲ್ಲೇ ಹೊಲಿಸಬಹುದೇ?

ನಮ್ಮ ಬಸ್ ನಿಲ್ದಾಣದ ಬಳಿ ಕೂರುವ ಚಮ್ಮಾರರ ಕೈಹೊಲಿಗೆಯಲ್ಲಿ ನನಗೆ ಅಪಾರ ವಿಶ್ವಾಸವಿದೆ. ಎರಡು ಸೂಜಿಯ ಹೊಲಿಗೆ ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಮೊಸಳೆ ಚರ್ಮದಲ್ಲಿ ಹಳೆಯ ತೂತಿನಲ್ಲೇ ದಾರ ಹಾಯಬೇಕು, ಹೊಸ ತೂತು ಬಿದ್ದರೆ ಮುಚ್ಚುವುದಿಲ್ಲ. ಜೊತೆಗೆ ಹೊರಗೆ ಹೊಲಿಸಿದ ಬ್ಯಾಗನ್ನು ಕಂಪನಿಯವರು ಮತ್ತೆ ದುರಸ್ತಿಗೆ ತೆಗೆದುಕೊಳ್ಳದಿರಬಹುದು. ಮುಂಬೈ ಅಥವಾ ದೆಹಲಿಯ ಕಂಪನಿ ಮಳಿಗೆಗೆ ಒಯ್ದು ತೋರಿಸಿ. ದುರಸ್ತಿಗೆ ಪ್ಯಾರಿಸ್ಸಿಗೆ ಹೋಗಬೇಕು ಎಂದರೆ ಗಡಿ ದಾಟಲು ಪರವಾನಗಿ ಬೇಕು, ವಾಪಸ್ ಬರಲೂ ಬೇಕು. ಅದು ಯಾರ ಜವಾಬ್ದಾರಿ ಎಂದು ಬರವಣಿಗೆಯಲ್ಲಿ ಪಡೆದುಕೊಳ್ಳದೆ ಬ್ಯಾಗನ್ನು ಕೈಬಿಡಬೇಡಿ.

ಫೋಟೊ ಕಳಿಸಿದರೆ ಅಸಲಿಯೋ ನಕಲಿಯೋ ಹೇಳುತ್ತೀರಾ?

ಫೋಟೊ ನೋಡಿ ‘ಅಸಲಿ’ ಎಂದು ನಾನು ಹೇಳುವುದಿಲ್ಲ. ‘ಇದನ್ನು ಕೊಳ್ಳಬೇಡಿ’ ಎಂದು ಹೇಳಬಲ್ಲೆ, ಕೆಲವೊಮ್ಮೆ. ಅದಕ್ಕೆ ಬೇಕಾದ ಚಿತ್ರಗಳು ಇವು: ಹೊಟ್ಟೆಯ ಭಾಗದ ಹುರುಪೆಗಳು ಹಗಲು ಬೆಳಕಿನಲ್ಲಿ ತೀರ ಹತ್ತಿರದಿಂದ, ಹೆಸರಿನ ಮುದ್ರೆ, ವರ್ಷದ ಅಕ್ಷರ, ಹಿಡಿಕೆಯ ಬುಡದ ಹೊಲಿಗೆ, ಮತ್ತು ಸೈಟಿಸ್ ಪರವಾನಗಿಯ ಪೂರ್ತಿ ಪುಟ. ಮಾರುವವರು ಮೊದಲ ನಾಲ್ಕನ್ನು ಕಳಿಸಿ ಕೊನೆಯದಕ್ಕೆ ಮೌನವಾದರೆ ನನಗೆ ಕಳಿಸುವ ಅಗತ್ಯವೂ ಇಲ್ಲ.